ಕವಲೊಡೆದ ಪ್ರಕ್ರಿಯೆಯೂ ಉಳಿದ ಬೀಗಗಳೂ

೧. ಉದ್ದೇಶ

ಗಣಕಯಂತ್ರದಲ್ಲಿ ನಡೆಯುತ್ತಿರುವ ಒಂದು ಪ್ರಕ್ರಿಯೆಯು ಕವಲೊಡೆದು ಎರಡಾದಾಗ, ಮೂಲದಲ್ಲಿ ಏಕಕಾಲಕ್ಕೆ ದುಡಿಯುತ್ತಿದ್ದ ಅನೇಕ ಎಳೆಗಳ ಗುರುತುಗಳು ಹೊಸ ಕವಲಿನಲ್ಲಿ ಶೇಷವಾಗಿ ನಿಲ್ಲುವುವು. ಆ ಶೇಷವೆಂತಹುದು, ಅದರಿಂದ ಉಂಟಾಗುವ ದೋಷವಾವುದು, ಅದನ್ನು ಶೋಧಿಸುವ ಮಾರ್ಗವಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದುದಾದರೂ ಅದರಲ್ಲಿ ಅಡಗಿರುವ ತರ್ಕವು ನಮ್ಮ ವಾಚಕರಿಗೆ ಹೊಸದಲ್ಲ. ದಾಯವಿಭಾಗದ ವ್ಯವಹಾರವನ್ನು ಬಲ್ಲವರೂ, ಓಲೆಗ್ರಂಥದ ಪ್ರತಿಗಳನ್ನು ತಾಳೆನೋಡಿದವರೂ ಇದನ್ನು ಸುಲಭವಾಗಿ ಗ್ರಹಿಸಬಲ್ಲರು.

ಇಂತಹ ವಿಷಯವು ಸಾಹಿತ್ಯದ ಪತ್ರಿಕೆಯಲ್ಲಿ ಏಕೆಂದು ಕೇಳುವವರಿಗೆ ಉತ್ತರವಿದು. ಸೇಡಂ, ಚಿತ್ತಾಪುರ, ಚಿಂಚೋಳಿ ಮೊದಲಾದ ತಾಲೂಕುಗಳ ಬಹುಮಂದಿ ವಿದ್ಯಾರ್ಥಿಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಅನಂತರ ಗಣಕಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿಯಹೋಗುವರು. ಫೋರ್ಕ್, ಥ್ರೆಡ್, ಲಾಕ್ ಎಂಬ ಶಬ್ದಗಳು ಅವರಿಗೆ ಬಾಯಿಪಾಠವಾಗುವುವು. ಅರ್ಥವು ದೂರವೇ ಉಳಿಯುವುದು. ಇಲ್ಲಿ ವಿವರಿಸಲಿರುವ ದೋಷವಾದರೋ ಬಾಯಿಪಾಠದವನ ಕಣ್ಣಿಗೆ ಎಂದಿಗೂ ಬೀಳತಕ್ಕದ್ದಲ್ಲ. ಪದದ ಅರ್ಥವನ್ನು ಬಿಡಿಸಿ ತೋರಿಸುವುದು ಭಾಷೆಯ ಅಧ್ಯಾಪಕರ ಕರ್ತವ್ಯವಾದುದರಿಂದ ಈ ವಿಷಯವು ಅವರ ಕೈಗೂ ಬರಬೇಕು.

೨. ಸಂಜ್ಞೆಗಳು

ಮೊದಲು ಸಂಜ್ಞೆಗಳನ್ನು ನಿಶ್ಚಯಿಸೋಣ. ಯಂತ್ರಕ್ಕೆ ಕೊಡುವ ಲಿಖಿತ ಆದೇಶಗಳ ಸಮೂಹವು ಕ್ರಮವಿಧಿ. ಆ ಕ್ರಮವಿಧಿಯು ನಡೆಯುತ್ತಿರುವಾಗ ಅದಕ್ಕೆ ಪ್ರಕ್ರಿಯೆಯೆಂದು ಹೆಸರು. ಪ್ರಯೋಗಗ್ರಂಥಕ್ಕೂ ನಡೆಯುತ್ತಿರುವ ಯಾಗಕ್ಕೂ ಇರುವ ಭೇದವೇ ಇವೆರಡಕ್ಕೂ ಇರುವುದು. ಪ್ರಕ್ರಿಯೆಯು ತನ್ನ ವಿಷಯವನ್ನೆಲ್ಲ ಬರೆದಿಟ್ಟುಕೊಳ್ಳುವ ಸ್ಥಳವು ಸ್ಮೃತಿ. ಒಂದು ಯಾಗದಲ್ಲಿ ಹಲವು ಋತ್ವಿಜರು ಒಂದೇ ವೇದಿಯ ಸುತ್ತ ತಮ್ಮತಮ್ಮ ಕೆಲಸಗಳನ್ನು ಮಾಡುವಂತೆ, ಒಂದು ಪ್ರಕ್ರಿಯೆಯೊಳಗೆ ಒಂದೇ ಸ್ಮೃತಿಯನ್ನು ಬಳಸುತ್ತ ಹಲವು ಕಾರ್ಯಧಾರೆಗಳು ನಡೆಯಬಹುದು. ಅವುಗಳಿಗೆ ಇಂಗ್ಲಿಷಿನಲ್ಲಿ ಥ್ರೆಡ್ ಎಂದು ಹೆಸರು. ಕನ್ನಡದಲ್ಲಿ ಎಳೆ ಎಂದರೆ ಸಾಕು.

ಇನ್ನು ಬೀಗ, ನಮ್ಮ ಸೀಮೆಯ ಆಡುಮಾತಿನಲ್ಲಿ ಕೀಲಿ. ಇದನ್ನು ತಿಳಿಯಲು ವಾಡಿ ಜಂಕ್ಷನ್ನಿನ ಕಡೆಗೆ ನೋಡಬೇಕು. ಸೊಲ್ಲಾಪುರದಿಂದ ಶಹಾಬಾದಿನ ಮೇಲೆ ಬರುವ ಹಳಿಯು ವಾಡಿಯಲ್ಲಿ ಕವಲೊಡೆಯುವುದು. ಒಂದು ಕವಲು ೧೮೭೧ರಲ್ಲಿ ಪೂರ್ಣವಾದ ರಾಯಚೂರಿನ ದಾರಿ. ಇನ್ನೊಂದು, ೧೮೭೪ರಲ್ಲಿ ನಿಜಾಮ ಸಂಸ್ಥಾನದ ರೈಲ್ವೆಯವರು ತೆರೆದ, ಚಿತ್ತಾಪುರ ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುವ ದಾರಿ. ಒಂಟಿಹಳಿಯ ದಾರಿಗಳಲ್ಲಿ ಎದುರುಬದುರಿನ ಗಾಡಿಗಳು ಡಿಕ್ಕಿ ಹೊಡೆಯದಿರಲೆಂದು ಒಂದು ನಿಯಮವಿದ್ದಿತು. ಎರಡು ನಿಲ್ದಾಣಗಳ ನಡುವಣ ಹಳಿಯನ್ನು ಪ್ರವೇಶಿಸುವ ಚಾಲಕನು ಟೋಕನ್ ಎಂಬ ಲೋಹದ ಗುರುತನ್ನು ಪಡೆದೇ ಹೊರಡಬೇಕು. ಆಚೆಯ ನಿಲ್ದಾಣದಲ್ಲಿ ಅದನ್ನು ಒಪ್ಪಿಸುವವರೆಗೆ ಮತ್ತೊಂದು ಗಾಡಿಯು ಆ ಹಳಿಗೆ ಬರಕೂಡದು. ಎಳೆಗಳ ನಡುವೆಯೂ ಇದೇ ಏರ್ಪಾಡು. ಸ್ಮೃತಿಯ ಒಂದು ಭಾಗವನ್ನು ತಿದ್ದಹೊರಟ ಎಳೆಯು ಮೊದಲು ಅದರ ಬೀಗವನ್ನು ಹಿಡಿಯುವುದು, ತಿದ್ದಿ ಮುಗಿದ ಮೇಲೆ ಬಿಡುವುದು. ಅಷ್ಟರವರೆಗೆ ಬೇರೆ ಎಳೆಗಳು ಕಾದು ನಿಲ್ಲುವುವು. ಆದರೆ ಒಂದು ಭೇದವನ್ನು ಇಲ್ಲಿಯೇ ಗಮನಿಸತಕ್ಕದ್ದು. ಟೋಕನ್ ಒಂದು ಲೋಹದ ವಸ್ತು. ಗಣಕದ ಬೀಗವಾದರೋ ಸ್ಮೃತಿಯಲ್ಲಿಯೇ ಬರೆದ ಒಂದು ಅಂಕೆ ಮಾತ್ರ. ಸೊನ್ನೆಯಿದ್ದರೆ ತೆರೆದಿದೆ, ಒಂದಿದ್ದರೆ ಯಾರೋ ಹಿಡಿದಿರುವರು ಎಂಬಂತಹ ಬರವಣಿಗೆ ಅದು. ಸ್ಮೃತಿಗೆ ಪ್ರತಿಯಾದರೆ ಬೀಗಕ್ಕೂ ಪ್ರತಿಯಾಗುವುದು.

೩. ಕವಲಿನ ಇತಿಹಾಸ

ವಾಡಿಯಲ್ಲಿ ದಾರಿಯು ಎರಡಾಗುವುದೇ ಹೊರತು ಗಾಡಿಯು ಎರಡಾಗುವುದಿಲ್ಲ. ಫೋರ್ಕ್ ಎಂಬ ಕ್ರಿಯೆಯಲ್ಲಿ ಗಾಡಿಯೇ ಎರಡಾಗುವುದು. ಒಂದು ಪ್ರಕ್ರಿಯೆಯು ಫೋರ್ಕನ್ನು ಆಚರಿಸಿದೊಡನೆ ಅದರ ಸಂಪೂರ್ಣ ಪ್ರತಿಯೊಂದು ಹುಟ್ಟುವುದು. ಮೂಲಕ್ಕೆ ಜನಕಪ್ರಕ್ರಿಯೆ, ಹೊಸದಕ್ಕೆ ಜನ್ಯಪ್ರಕ್ರಿಯೆ ಎನ್ನೋಣ. ಈ ಕಲ್ಪನೆಯನ್ನು ಮೆಲ್ವಿನ್ ಕಾನ್ವೇ ಎಂಬವರು ೧೯೬೩ರಲ್ಲಿ ನಿರೂಪಿಸಿದರು. ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬ ವಿದ್ವಾಂಸರು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ನಿರ್ಮಿಸಿದಾಗ ಅದು ಅಲ್ಲಿ ನೆಲೆಗೊಂಡಿತು. ಅವರ ಮೊದಲ ಪಿಡಿಪಿ-೭ ಯಂತ್ರದಲ್ಲಿ ಇದಕ್ಕೆ ಬೇಕಾದುದು ಕೇವಲ ೨೭ ಸಾಲುಗಳ ಯಂತ್ರಸಮೀಪ ಭಾಷೆಯ ಬರವಣಿಗೆ ಎಂದು ರಿಚಿಯವರೇ ತಿಳಿಸಿರುವರು.

ಅಂದು ಒಂದು ಪ್ರಕ್ರಿಯೆಯಲ್ಲಿ ಒಂದೇ ಕಾರ್ಯಧಾರೆ. ಅನೇಕ ಎಳೆಗಳ ವ್ಯವಹಾರಕ್ಕೆ ಪೋಸಿಕ್ಸ್ ಎಂಬ ಪ್ರಮಾಣಗ್ರಂಥದಲ್ಲಿ ನಿಯಮಗಳು ದೊರೆತುದು ೧೯೯೫ರಲ್ಲಿ. ಆದುದರಿಂದ ಕವಲಿನ ನಿಯಮವು ಹಳೆಯದು, ಎಳೆಯ ನಿಯಮವು ತರುವಾಯ ಬಂದುದು. ಒಬ್ಬನೇ ದುಡಿಯುವ ಮನೆಗೆಂದು ಮಾಡಿದ ವಿಭಾಗವಿಧಿಯನ್ನು ಹಲವರು ದುಡಿಯುವ ಮನೆಗೆ ಅನ್ವಯಿಸಿದುದೇ ಮುಂದಿನ ಎಲ್ಲ ತೊಡಕಿಗೂ ಕಾರಣ.

೪. ಜನ್ಮಸ್ವತ್ವ

ಶಹಾಬಾದಿನ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಈ ಸೀಮೆಯಲ್ಲಿ ಪ್ರಸಿದ್ಧಿ. ಕಲ್ಯಾಣದಲ್ಲಿ ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ಪಿತಾಮಹನ ದ್ರವ್ಯದಲ್ಲಿ ಪುತ್ರನಿಗೆ ಜನ್ಮದಿಂದಲೇ ಸ್ವತ್ವವೆಂಬುದು ಅವನ ಮತ. ಜೀಮೂತವಾಹನನ ದಾಯಭಾಗದ ಮತದಲ್ಲಿ ತಂದೆಯ ಸ್ವತ್ವವು ನಿಂತ ಮೇಲೆಯೇ ಮಗನಿಗೆ ಸ್ವತ್ವವು. ಫೋರ್ಕಿನ ನಡತೆಯು ಮಿತಾಕ್ಷರೆಗೆ ಹತ್ತಿರವಾದುದು; ಜನಕಪ್ರಕ್ರಿಯೆಯು ಜೀವಿಸಿರುವಾಗಲೇ ಜನ್ಯಪ್ರಕ್ರಿಯೆಗೆ ಹುಟ್ಟಿನಿಂದಲೇ ಸಮಸ್ತ ಸ್ಮೃತಿಯೂ ದೊರೆಯುವುದು. ಇನ್ನೊಂದು ಸಾಮ್ಯವೂ ಇರುವುದು. ಈಗಿನ ವ್ಯವಸ್ಥೆಗಳಲ್ಲಿ ಹುಟ್ಟಿದೊಡನೆ ಸ್ಮೃತಿಯ ಪ್ರತಿಯನ್ನು ಮಾಡುವುದಿಲ್ಲ. ಇಬ್ಬರೂ ಒಂದೇ ಪುಟಗಳನ್ನು ಅವಿಭಕ್ತರಾಗಿ ಓದುತ್ತಿರುವರು. ಯಾರಾದರೂ ಒಬ್ಬರು ಒಂದು ಪುಟವನ್ನು ತಿದ್ದಹೋದಾಗ ಆ ಪುಟಕ್ಕೆ ಮಾತ್ರ ಬೇರೆ ಪ್ರತಿಯಾಗಿ ವಿಭಾಗವು ಸಿದ್ಧಿಸುವುದು.

ದ್ರವ್ಯವು ಹೀಗೆ ದೊರೆಯಿತು, ದುಡಿಯುವವರ ಗತಿಯೇನು? ಪೋಸಿಕ್ಸಿನ ನಿಯಮವು ಸ್ಪಷ್ಟವಾಗಿದೆ. ಜನ್ಯಪ್ರಕ್ರಿಯೆಯಲ್ಲಿ ಇರತಕ್ಕದ್ದು ಒಂದೇ ಎಳೆ; ಅದು ಫೋರ್ಕನ್ನು ಆಚರಿಸಿದ ಎಳೆಯ ಪ್ರತಿರೂಪ. ವ್ಯಾಕರಣದಲ್ಲಿ ಆದೇಶವು ಸ್ಥಾನಿಯಂತೆ ವರ್ತಿಸುವ ಹಾಗೆ ಈ ಎಳೆಯು ತನ್ನ ಮೂಲದಂತೆಯೇ ಮುಂದುವರಿಯುವುದು. ಮಿಕ್ಕ ಎಳೆಗಳು ಜನಕನ ಮನೆಯಲ್ಲಿ ಎಂದಿನಂತೆ ದುಡಿಯುತ್ತಿರುವುವು. ಜನ್ಯನ ಮನೆಯಲ್ಲಿ ಅವು ಇಲ್ಲವೇ ಇಲ್ಲ. ಅವು ಸತ್ತುವೆಂದು ಹೇಳಲೂ ಬಾರದು, ಏಕೆಂದರೆ ಅಲ್ಲಿ ಅವು ಹುಟ್ಟಿಯೇ ಇಲ್ಲ.

೫. ದೋಷನಿರೂಪಣೆ

ಈಗ ದೋಷವನ್ನು ನೋಡೋಣ. ಒಂದು ಪ್ರಕ್ರಿಯೆಯಲ್ಲಿ ಎರಡು ಎಳೆಗಳಿವೆಯೆಂದು ಇಟ್ಟುಕೊಳ್ಳಿ. ಎರಡನೆಯ ಎಳೆಯು ಹೊಸ ಸ್ಮೃತಿಸ್ಥಳವನ್ನು ಬೇಡಲೋಸುಗ, ಸ್ಥಳ ಹಂಚುವ ಲೆಕ್ಕದ ಪುಸ್ತಕದ ಬೀಗವನ್ನು ಹಿಡಿದು, ಲೆಕ್ಕವನ್ನು ಅರ್ಧ ತಿದ್ದಿರುವುದು. ಅದೇ ಕ್ಷಣದಲ್ಲಿ ಮೊದಲನೆಯ ಎಳೆಯು ಫೋರ್ಕನ್ನು ಆಚರಿಸಿತು. ಜನ್ಯಪ್ರಕ್ರಿಯೆಯಲ್ಲಿ ಮೊದಲನೆಯ ಎಳೆಯು ಮಾತ್ರ ಇರುವುದು. ಬೀಗದ ಅಂಕೆಯಾದರೋ ಪ್ರತಿಯಾಗಿ ಬಂದು ಒಂದು ಎಂದೇ ನಿಂತಿರುವುದು. ಜನ್ಯದ ಎಳೆಯು ತನಗೆ ಸ್ಥಳ ಬೇಕೆಂದು ಆ ಬೀಗವನ್ನು ಕೇಳಿ, ಹಿಡಿದವನು ಬಿಡಲಿ ಎಂದು ಕಾಯುತ್ತ ನಿಲ್ಲುವುದು. ಬಿಡಬೇಕಾದವನು ಆ ಮನೆಯಲ್ಲಿ ಇಲ್ಲ. ಜನಕನ ಮನೆಯ ಎರಡನೆಯ ಎಳೆಯು ತನ್ನ ಬೀಗವನ್ನು ಬಿಡುವುದು ನಿಜ. ಆದರೆ ಅದು ಬಿಡುವುದು ಅಲ್ಲಿಯ ಬೀಗವನ್ನೇ ಹೊರತು ಇಲ್ಲಿಯದನ್ನಲ್ಲ. ಈ ಕಾಯುವಿಕೆಗೆ ಕೊನೆಯಿಲ್ಲ.

ಮಿತಾಕ್ಷರೆಯ ಪರಿಭಾಷೆಯಲ್ಲಿ ದಾಯವು ಅಪ್ರತಿಬಂಧ, ಸಪ್ರತಿಬಂಧ ಎಂದು ಎರಡು ವಿಧ. ಪುತ್ರನಿಗೆ ಬರುವುದು ಅಪ್ರತಿಬಂಧ. ಸಹೋದರಾದಿಗಳಿಗೆ ಬರುವುದು ಸಪ್ರತಿಬಂಧ; ಒಡೆಯನೂ ಅವನ ಪುತ್ರನೂ ಇರುವುದೇ ಅಲ್ಲಿ ಪ್ರತಿಬಂಧಕ, ಅವರ ಅಭಾವದಲ್ಲಿ ಪ್ರತಿಬಂಧವೂ ತೊಲಗುವುದು. ಇಲ್ಲಿಯಾದರೋ ವಿಪರೀತ. ಪ್ರತಿಬಂಧಕನು ಇಲ್ಲ, ಪ್ರತಿಬಂಧವು ಮಾತ್ರ ಇದೆ. ಲೇಖನದ ಸಮಸ್ತ ವಿಷಯವನ್ನೂ ಈ ಒಂದು ವಾಕ್ಯದಲ್ಲಿ ಅಡಗಿಸಬಹುದು.

ಈ ದೋಷದ ಕ್ರೌರ್ಯವು ಎರಡು ಬಗೆಯದು. ಮೊದಲನೆಯದು ಅದರ ಮೌನ. ಪ್ರಕ್ರಿಯೆಯು ಮುರಿದು ಬೀಳುವುದಿಲ್ಲ, ದೋಷಸೂಚನೆಯೂ ಬರುವುದಿಲ್ಲ. ಪಟ್ಟಿಯಲ್ಲಿ ಜೀವಂತವೆಂದು ಕಾಣುತ್ತ ಯಾವ ಕೆಲಸವನ್ನೂ ಮಾಡದೆ ನಿಂತಿರುವುದು. ಎರಡನೆಯದು ಅದರ ಅನಿಯಮ. ಬೀಗವನ್ನು ಹಿಡಿದಿರುವ ಕಾಲವು ಅತ್ಯಲ್ಪ. ಫೋರ್ಕ್ ಆ ಅಲ್ಪಕಾಲದೊಳಗೇ ಬಿದ್ದರೆ ಮಾತ್ರ ದೋಷವು ತೋರುವುದು. ಇಲ್ಲವಾದರೆ ಎಲ್ಲವೂ ಸರಿಯಾಗಿಯೇ ನಡೆಯುವುದು. ಸಾವಿರ ಬಾರಿ ಪರೀಕ್ಷಿಸಿ ನಿರ್ದೋಷವೆಂದು ತೀರ್ಮಾನಿಸಿದ ಕ್ರಮವಿಧಿಯು, ಬ್ಯಾಂಕಿನಲ್ಲಿಯೋ ಆಸ್ಪತ್ರೆಯಲ್ಲಿಯೋ ಬಳಕೆಗೆ ಬಂದ ಮೇಲೆ, ಒಂದು ರಾತ್ರಿ ನಿಶ್ಶಬ್ದವಾಗಿ ನಿಂತುಬಿಡಬಹುದು. ಆದುದರಿಂದ ಈ ದೋಷವನ್ನು ಪರೀಕ್ಷೆಯಿಂದ ಕಂಡುಹಿಡಿಯುವೆವೆಂಬ ಭರವಸೆ ಸಲ್ಲದು. ವಿಚಾರದಿಂದಲೇ ಮೊದಲು ನಿವಾರಿಸಬೇಕು.

೬. ಪೂರ್ವಪಕ್ಷಗಳು

ಇದರ ಪರಿಹಾರಕ್ಕಾಗಿ ಹೇಳಿರುವ ಪಕ್ಷಗಳನ್ನು ಕ್ರಮವಾಗಿ ಪರಿಶೀಲಿಸೋಣ.

ಮೊದಲನೆಯ ಪಕ್ಷ: ಹಿಡಿದವನು ಇಲ್ಲವೆಂದು ತಿಳಿದಿರುವಾಗ ಜನ್ಯದ ಎಳೆಯು ಎಲ್ಲ ಬೀಗಗಳನ್ನೂ ತಾನೇ ತೆರೆದುಬಿಡಲಿ. ಇದು ಸಾಲದು. ಬೀಗವು ಇದ್ದುದು ಒಳಗಿನ ಬರವಣಿಗೆಯ ರಕ್ಷಣೆಗಾಗಿ. ಓಲೆಗ್ರಂಥವೊಂದನ್ನು ಒಬ್ಬ ಪಂಡಿತನು ತಿದ್ದುತ್ತಿರುವನು. ಪದ್ಯದ ಎರಡು ಪಾದಗಳು ಹೊಸ ಪಾಠ, ಎರಡು ಹಳೆಯ ಪಾಠ. ತಿದ್ದುತ್ತಿರುವೆನು, ಮುಟ್ಟಬೇಡಿ ಎಂದು ಅಂಚಿನಲ್ಲಿ ಬರೆದಿರುವನು. ಆಗ ಲಿಪಿಕಾರನು ಅಂಚಿನ ಬರಹದೊಡನೆ ಅದನ್ನು ಪ್ರತಿಮಾಡಿಕೊಂಡು ದೂರದ ಊರಿಗೆ ಹೋದರೆ, ಅಲ್ಲಿ ಅಂಚಿನ ಬರಹವನ್ನು ಅಳಿಸಿದ ಮಾತ್ರಕ್ಕೆ ಪದ್ಯವು ಶುದ್ಧವಾಗುವುದೇ? ಮುಟ್ಟದ ಪುಟವು ಮುಟ್ಟಬಹುದಾದ ಅಪಪಾಠವಾಯಿತು, ಅಷ್ಟೆ. ಮೊದಲಿನ ದೋಷವು ಕೆಲಸವನ್ನು ನಿಲ್ಲಿಸಿತು. ಈ ದೋಷವು ತಪ್ಪುಲೆಕ್ಕದಿಂದ ಕೆಲಸವನ್ನು ಮುಂದುವರಿಸುವುದು. ಇದು ಹೆಚ್ಚು ಭಯಂಕರ.

ಎರಡನೆಯ ಪಕ್ಷ: ಎಲ್ಲ ಎಳೆಗಳನ್ನೂ ಪ್ರತಿಮಾಡೋಣ, ಹಿಡಿದವನೂ ಬಂದರೆ ಬಿಡುವವನೂ ಬಂದಂತಾಯಿತು. ಸೊಲಾರಿಸ್ ಎಂಬ ವ್ಯವಸ್ಥೆಯಲ್ಲಿ ಈ ಪಕ್ಷವು ಕೆಲವು ಕಾಲ ಆಚರಣೆಯಲ್ಲಿಯೂ ಇದ್ದಿತು. ಆದರೆ ಒಂದು ಎಳೆಯು ಹೊರಗಿನ ಕಡತಕ್ಕೆ ಒಂದು ಸಾಲನ್ನು ಬರೆಯಹೊರಟಿದ್ದರೆ, ಈಗ ಎರಡು ಎಳೆಗಳು ಆ ಸಾಲನ್ನು ಬರೆಯುವುವು. ಒಂದು ಪಾವತಿಯ ಆಜ್ಞೆಯು ಎರಡು ಬಾರಿ ಹೋಗಬಹುದು. ಸ್ಮೃತಿಗೆ ಪ್ರತಿಯುಂಟು, ಹೊರಜಗತ್ತಿಗೆ ಪ್ರತಿಯಿಲ್ಲ. ಸೊಲಾರಿಸ್ ೧೦ ಎಂಬ ಆವೃತ್ತಿಯು ೨೦೦೫ರಲ್ಲಿ ಬಂದಾಗ ಅಲ್ಲಿಯ ಫೋರ್ಕ್ ಸಹ ಒಂದೇ ಎಳೆಯನ್ನು ಪ್ರತಿಮಾಡುವ ನಿಯಮಕ್ಕೆ ತಿರುಗಿತು. ಹಳೆಯ ನಡತೆಯು ಬೇಕಾದವರಿಗೆ ಫೋರ್ಕಾಲ್ ಎಂಬ ಬೇರೆ ಹೆಸರಿನಲ್ಲಿ ಉಳಿಯಿತು.

ಮೂರನೆಯ ಪಕ್ಷವು ಪೋಸಿಕ್ಸಿನಲ್ಲಿಯೇ ಹೇಳಿದುದು. ಪಿಥ್ರೆಡ್-ಅಟ್‌ಫೋರ್ಕ್ ಎಂಬ ವಿಧಿಯಿಂದ ಮೂರು ಕರ್ಮಗಳನ್ನು ಮೊದಲೇ ನೋಂದಾಯಿಸಿಡಬಹುದು: ವಿಭಾಗಕ್ಕೆ ಮುಂಚೆ ಮಾಡತಕ್ಕ ಪೂರ್ವಕರ್ಮ, ವಿಭಾಗವಾದ ಮೇಲೆ ಜನಕನು ಮಾಡತಕ್ಕದ್ದು, ಜನ್ಯನು ಮಾಡತಕ್ಕದ್ದು. ಪೂರ್ವಕರ್ಮದಲ್ಲಿ ಫೋರ್ಕನ್ನು ಆಚರಿಸಲಿರುವ ಎಳೆಯೇ ಎಲ್ಲ ಬೀಗಗಳನ್ನೂ ತಾನು ಹಿಡಿಯುವುದು. ಎಲ್ಲ ಬೀಗಗಳೂ ಅದರ ಕೈಗೆ ಬಂದುವೆಂದರೆ ಬೇರೆ ಯಾವ ಎಳೆಯೂ ತಿದ್ದುವ ನಡುವಿನಲ್ಲಿ ಇಲ್ಲವೆಂದೇ ಅರ್ಥ. ಎಲ್ಲ ಪುಟಗಳೂ ಆಗ ಶುದ್ಧಪಾಠ. ಅನಂತರ ಕವಲು. ಹಿಡಿದ ಎಳೆಯೂ ಪ್ರತಿಯಾದ ಎಳೆಯೂ ಒಂದೇ ಆದುದರಿಂದ, ಎರಡು ಮನೆಗಳಲ್ಲಿಯೂ ಬೀಗವನ್ನು ಬಿಡತಕ್ಕವನು ಇದ್ದೇ ಇರುವನು. ಪೂರ್ವಕರ್ಮಗಳು ನೋಂದಾಯಿಸಿದ ಕ್ರಮಕ್ಕೆ ವಿಲೋಮವಾಗಿ, ಉತ್ತರಕರ್ಮಗಳು ಅನುಲೋಮವಾಗಿ ನಡೆಯತಕ್ಕವು. ಕೆಳಗಿನ ಸ್ತರದವು ಮೊದಲು ನೋಂದಾಯಿತವಾಗಿರುವುದರಿಂದ, ಈ ಕ್ರಮದಲ್ಲಿ ಮೇಲಿನ ಸ್ತರದ ಬೀಗವನ್ನು ಮೊದಲು, ಕೆಳಗಿನದನ್ನು ಆಮೇಲೆ ಹಿಡಿದಂತಾಗಿ, ಪರಸ್ಪರ ಕಾಯುವ ಇಕ್ಕಟ್ಟು ತಪ್ಪುವುದು.

ತರ್ಕವು ನಿರ್ದುಷ್ಟ, ಆದರೂ ಆಚರಣೆಯಲ್ಲಿ ಸಾಲದು. ಇಂದಿನ ಒಂದು ಕ್ರಮವಿಧಿಯು ಇತರರು ಬರೆದಿಟ್ಟ ಹತ್ತಾರು ಸಿದ್ಧಸಂಗ್ರಹಗಳನ್ನು ಬಳಸುವುದು. ಅವುಗಳಲ್ಲಿ ಪ್ರತಿಯೊಂದೂ ತನ್ನ ಬೀಗಗಳಿಗೆ ಈ ತ್ರಿಕರ್ಮವನ್ನು ನೋಂದಾಯಿಸಿದ್ದರೆ ಮಾತ್ರ ಶೋಧನೆಯು ಪೂರ್ಣ. ಒಬ್ಬನು ಮರೆತರೂ ದೋಷವು ಹಾಗೆಯೇ ಉಳಿಯುವುದು. ಮತ್ತು ಒಬ್ಬನ ಗುಪ್ತವಾದ ಬೀಗವನ್ನು ಇನ್ನೊಬ್ಬನು ಹಿಡಿಯಲಾರನು.

೭. ಪೈಥಾನಿನ ಶೋಧನಕ್ರಮ

ಶೋಧನೆಯನ್ನು ಭಾಷೆಯೇ ವಹಿಸಿಕೊಂಡ ಉದಾಹರಣೆ ಪೈಥಾನ್. ಅದರ ಥ್ರೆಡಿಂಗ್ ಎಂಬ ಭಾಗದಲ್ಲಿ ಜೀವಂತ ಎಳೆಗಳ ಒಂದು ದಫ್ತರವಿದೆ. ಆಜ್ಞಪ್ತವಾಗಿ ಇನ್ನೂ ನಡೆಯಲಾರಂಭಿಸದೆ ತ್ರಿಶಂಕುವಿನಂತೆ ನಿಂತ ಎಳೆಗಳಿಗೆ ಬೇರೊಂದು ಪಟ್ಟಿ. ಕವಲಾದ ಮೇಲೆ ಜನ್ಯಪ್ರಕ್ರಿಯೆಯಲ್ಲಿ ಮೊದಲು ನಡೆಯುವುದು ಆ ದಫ್ತರದ ಬೀಗವನ್ನೇ ಹೊಸದಾಗಿ ನಿರ್ಮಿಸುವುದು. ಕವಲಿನ ಕ್ಷಣದಲ್ಲಿ ಅದನ್ನೂ ಇನ್ನಾವುದೋ ಎಳೆಯು ಹಿಡಿದಿದ್ದಿರಬಹುದಲ್ಲವೇ? ಆಮೇಲೆ ಉಳಿದಿರುವ ಒಂದು ಎಳೆಗೆ ಅದರ ಹೊಸ ಗುರುತುಸಂಖ್ಯೆಯನ್ನು ಬರೆದು, ಮಿಕ್ಕವೆಲ್ಲ ಮುಗಿದುವೆಂದು ಗುರುತುಮಾಡಿ, ಎರಡು ಪಟ್ಟಿಗಳಿಂದಲೂ ಅವುಗಳ ಹೆಸರನ್ನು ತೆಗೆಯುವರು. ಉಳಿದ ಎಳೆಯು ಮೂಲದಲ್ಲಿ ಮುಖ್ಯವಲ್ಲದಿದ್ದರೂ ಇಲ್ಲಿ ಅದೇ ಮುಖ್ಯ. ಬೇರೆಯಾದ ಮನೆಯಲ್ಲಿ ಕಿರಿಯನೇ ಯಜಮಾನನಾಗುವಂತೆ. ಈ ಶೋಧನೆ ಇಲ್ಲವಾದರೆ ಪ್ರಕ್ರಿಯೆಯು ಮುಗಿಯುವ ಕಾಲದಲ್ಲಿ, ದಫ್ತರದಲ್ಲಿರುವ ಎಳೆಗಳೆಲ್ಲ ಮುಗಿಯಲೆಂದು ಕಾಯುತ್ತ, ಇಲ್ಲದವರಿಗಾಗಿ ನಿಂತೇ ಇರುವುದು.

೨೦೧೮ರ ೩.೭ನೆಯ ಆವೃತ್ತಿಯಿಂದ, ಬಳಸುವವರೂ ತಮ್ಮ ಪೂರ್ವೋತ್ತರ ಕರ್ಮಗಳನ್ನು ನೋಂದಾಯಿಸುವ ವಿಧಿಯು ಪೈಥಾನಿನಲ್ಲಿ ದೊರೆಯಿತು. ಆದರೂ ಪೈಥಾನು ತನ್ನ ಬೀಗಗಳನ್ನು ಬಲ್ಲುದೇ ಹೊರತು ಪರರ ಬೀಗಗಳನ್ನಲ್ಲ. ಆ ಕಾರಣದಿಂದ ೨೦೨೩ರ ೩.೧೨ನೆಯ ಆವೃತ್ತಿಯಲ್ಲಿ, ಅನೇಕ ಎಳೆಗಳಿರುವಾಗ ಫೋರ್ಕ್ ಮಾಡಿದರೆ ಎಚ್ಚರಿಕೆಯನ್ನು ನುಡಿಯುವ ನಿಯಮವು ಬಂದಿತು. ೨೦೨೫ರ ೩.೧೪ನೆಯ ಆವೃತ್ತಿಯಲ್ಲಿ, ಅನೇಕ ಪ್ರಕ್ರಿಯೆಗಳನ್ನು ಹುಟ್ಟಿಸುವ ಅದರ ವಿಭಾಗವು ಲಿನಕ್ಸಿನ ಮೇಲೆ ನೇರ ಫೋರ್ಕನ್ನು ಸಹಜಕ್ರಮವಾಗಿ ಬಳಸುವುದನ್ನೇ ಬಿಟ್ಟಿತು. ಅದರ ಬದಲು ಫೋರ್ಕ್‌ಸರ್ವರ್ ಎಂಬ ಏಕತಂತುವಾದ ಒಂದು ಪ್ರಕ್ರಿಯೆಯನ್ನು ಬೇರೆಯಾಗಿ ನಿಲ್ಲಿಸಿಕೊಂಡು, ಬೇಕಾದಾಗಲೆಲ್ಲ ಅದರಿಂದಲೇ ಕವಲುಗಳನ್ನು ಪಡೆಯುವರು.

೮. ಸಿದ್ಧಾಂತ

ಮೇಲಿನ ವಿಚಾರದಿಂದ ಫಲಿಸುವ ಸಿದ್ಧಾಂತವಿದು. ಕವಲಾದ ಮೇಲೆ ಮಾಡುವ ಶೋಧನೆಯು ಅವಶ್ಯವಾದರೂ ಪೂರ್ಣವಾಗಲಾರದು; ಪೂರ್ಣತೆ ಬರುವುದು ಕವಲಿಗೆ ಮುಂಚಿನ ವ್ಯವಸ್ಥೆಯಿಂದ. ಅದಕ್ಕೆ ಎರಡು ಮಾರ್ಗಗಳುಂಟು.

ಒಂದನೆಯದು, ಎಳೆಗಳು ಹುಟ್ಟುವುದಕ್ಕೆ ಮೊದಲೇ ಕವಲೊಡೆಯುವುದು. ವ್ಯವಹಾರಕ್ಕೆ ತೊಡಗುವ ಮುನ್ನವೇ ವಿಭಾಗವಾದರೆ ಪರರ ಬೀಗಗಳು ಎಲ್ಲಿಂದ ಬರಬೇಕು? ಎರಡನೆಯದು, ಕವಲಾದ ಕೂಡಲೇ ಜನ್ಯಪ್ರಕ್ರಿಯೆಯು ಎಕ್ಸೆಕ್ ಎಂಬ ಕ್ರಿಯೆಯನ್ನು ಆಚರಿಸುವುದು. ಎಕ್ಸೆಕ್ ಎಂದರೆ ಹಳೆಯ ಸ್ಮೃತಿಯನ್ನೆಲ್ಲ ತೊರೆದು ಬೇರೊಂದು ಕ್ರಮವಿಧಿಯನ್ನು ಹೊಸದಾಗಿ ಆರಂಭಿಸುವುದು. ಇದು ಸಂನ್ಯಾಸಸ್ವೀಕಾರದಂತೆ: ಪೂರ್ವಾಶ್ರಮದ ದಾಯವೂ ಇಲ್ಲ, ಪ್ರತಿಬಂಧವೂ ಇಲ್ಲ. ತೆರೆದಿಟ್ಟ ಕಡತಗಳು ಮಾತ್ರ, ಮುಚ್ಚತಕ್ಕವೆಂದು ಮೊದಲೇ ಗುರುತುಮಾಡದಿದ್ದರೆ, ಹೊಸ ಆಶ್ರಮಕ್ಕೂ ಹಿಂಬಾಲಿಸುವುವು. ಫೋರ್ಕಿಗೂ ಎಕ್ಸೆಕ್ಕಿಗೂ ನಡುವಣ ಅಲ್ಪಕಾಲದಲ್ಲಿ ಯಾವ ಬೀಗವನ್ನೂ ಕೇಳದ ಕೆಲವೇ ಪರಿಗಣಿತ ಕ್ರಿಯೆಗಳನ್ನು ಮಾಡಬಹುದೆಂದು ಪೋಸಿಕ್ಸಿನ ನಿಯಮ. ಹೊಸ ಸ್ಮೃತಿಸ್ಥಳವನ್ನು ಬೇಡುವುದು ಸಹ ಆ ಪಟ್ಟಿಯಲ್ಲಿಲ್ಲ.

ಇಲ್ಲಿ ಒಂದು ಶಂಕೆ. ಇಷ್ಟು ತೊಡಕಿರುವ ಫೋರ್ಕನ್ನು ಬಿಟ್ಟೇಬಿಡಬಾರದೇಕೆ? ಈ ಮತವೂ ಉಂಟು. ಆಂಡ್ರೂ ಬೌಮನ್, ಜೊನಾಥನ್ ಅಪ್ಪಾವೂ, ಓರನ್ ಕ್ರೀಗರ್, ಟಿಮೊಥಿ ರಾಸ್ಕೋ ಎಂಬ ನಾಲ್ವರು ವಿದ್ವಾಂಸರು ೨೦೧೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಫೋರ್ಕ್ ಅಂದಿನ ಕಾಲಕ್ಕೆ ಯುಕ್ತವಾಗಿದ್ದು ಇಂದಿಗೆ ಅಡ್ಡಿಯಾಗಿದೆಯೆಂದೂ, ವಿದ್ಯಾರ್ಥಿಗಳಿಗೆ ಅದನ್ನು ಇತಿಹಾಸದ ಅವಶೇಷವೆಂದೇ ಕಲಿಸಬೇಕೆಂದೂ ವಾದಿಸಿರುವರು. ಹೊಸ ಪ್ರಕ್ರಿಯೆಯನ್ನು ನೇರವಾಗಿ ಹುಟ್ಟಿಸುವ ಪೋಸಿಕ್ಸ್-ಸ್ಪಾನ್ ಮೊದಲಾದ ವಿಧಿಗಳು ಅವರಿಗೆ ಸಮ್ಮತ. ಹೊಸ ಬರವಣಿಗೆಗಳ ಮಟ್ಟಿಗೆ ಈ ಮತವು ಗ್ರಾಹ್ಯವೇ. ಆದರೆ ಅರ್ಧಶತಮಾನಕ್ಕೂ ಮಿಕ್ಕು ಸಂಗ್ರಹವಾದ ಕ್ರಮವಿಧಿಗಳು ಫೋರ್ಕನ್ನು ನೆಚ್ಚಿಕೊಂಡು ಇಂದಿಗೂ ನಡೆಯುತ್ತಿರುವುವು. ಅವುಗಳನ್ನು ಕಾಪಾಡುವ ಕೆಲಸವು ಇಂದಿನ ವಿದ್ಯಾರ್ಥಿಗಳ ಪಾಲಿಗೇ ಬರುವುದು. ಹಳೆಯ ಪ್ರಯೋಗವು ಅಸಾಧುವೆಂದು ಸಾರಿದ ಮಾತ್ರಕ್ಕೆ ಹಳೆಯ ಗ್ರಂಥಗಳು ಮಾಯವಾಗುವುದಿಲ್ಲ. ಅವನ್ನು ಓದಲು ಆ ಪ್ರಯೋಗದ ಅರ್ಥವು ತಿಳಿದಿರಲೇಬೇಕು.

ಆದುದರಿಂದ ಅಧ್ಯಾಪಕರಲ್ಲಿ ವಿಜ್ಞಾಪನೆ. ಫೋರ್ಕಿಗೆ ಕವಲು, ಥ್ರೆಡ್ಡಿಗೆ ಎಳೆ, ಲಾಕಿಗೆ ಬೀಗ ಎಂಬ ಪದಗಳನ್ನು ಹೇಳಿಕೊಡುವುದರ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನೂ ಮಾಡಿಸಬೇಕು: ಕವಲಿನ ಕ್ಷಣದಲ್ಲಿ ಯಾವ ಬೀಗಗಳು ಹಿಡಿದಿದ್ದುವು? ಹಿಡಿದವನು ಈ ಕವಲಿಗೆ ಬಂದಿರುವನೇ? ಬಾರದಿದ್ದರೆ ಬೀಗದ ಒಳಗಿನ ಪಾಠವು ಶುದ್ಧವೇ? ಈ ಮೂರನ್ನು ಕೇಳಬಲ್ಲ ವಿದ್ಯಾರ್ಥಿಗೆ, ಪರೀಕ್ಷೆಗೆ ಸಿಕ್ಕದ ಈ ದೋಷವು ಬರವಣಿಗೆಯ ಕಾಲದಲ್ಲಿಯೇ ಕಣ್ಣಿಗೆ ಬೀಳುವುದು. ಸಂಜ್ಞೆಗಳ ಯುಕ್ತಾಯುಕ್ತತೆಯನ್ನು ವಿದ್ವಾಂಸರು ವಿಮರ್ಶಿಸಿ, ಇದಕ್ಕಿಂತ ಲೇಸಾದ ಪದಗಳು ತೋರಿದರೆ ತಿಳಿಸಬೇಕೆಂದು ಪ್ರಾರ್ಥನೆ.